ಡ್ರೈಯರ್ ಮೇಲೆ ಕಾಯಿಸಿದ ಎರಡು ಸೆಲ್

ಕಳೆದ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ನಾನು ಊಟಿ ಕಡೆಯ ಮಂಜೂರಿನಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿನ ಮೊಬೈಲ್ ರಿಪೇರಿ ಅಂಗಡಿಯ ಎರಡನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಬಲಗೈಯಲ್ಲಿ ಕೊಡೆ, ಎಡಗೈಯಲ್ಲಿ ಚಾರ್ಜ್ ಹಿಡಿಯದ ಫೋನು. ಒಳಗೆ ಕೂತಿದ್ದ ಹೆಂಗಸು ಬೆಸುಗೆ ಕಡ್ಡಿಯ ತುದಿಯನ್ನು ರಾಳದ ಡಬ್ಬಿಗೆ ಮುಟ್ಟಿಸಿದಳು. ದಾರದಷ್ಟು ಸಣ್ಣ ಹೊಗೆ ಎದ್ದು ನನ್ನ ಕಡೆಗೆ ಬಂತು. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. "ಸಾರ್, ಕೂತ್ಕೊಳ್ಳಿ" ಎಂದು ಆಕೆ ಸ್ಟೂಲು ತೋರಿಸಿದಳು. ಕೂತೆ. ಫೋನನ್ನು ಮೇಜಿನ ಮೇಲಿಟ್ಟೆ.

ಇನ್ನೊಂದು ದಿನ ನಾನು ಎಲ್ಲಿ ನಿಂತಿದ್ದೆ ಎಂಬುದನ್ನೂ ಇಷ್ಟೇ ಖಚಿತವಾಗಿ ಹೇಳಬಲ್ಲೆ. ಮಂಜೂರಿನಿಂದ ಮೇಲಕ್ಕೆ ಇದ್ದ ಒಂದು ಸಣ್ಣ ಟೀ ಫ್ಯಾಕ್ಟರಿಯ ಲೀಫ್ ಶೆಡ್ಡಿನಲ್ಲಿ, ಅಂದರೆ ತೋಟದಿಂದ ಬಂದ ಎಲೆಯನ್ನು ತೂಗುವ ಶೆಡ್ಡಿನಲ್ಲಿ, ತಕ್ಕಡಿಯ ಕೊಕ್ಕೆಯ ಬಲಗಡೆ ಕಂಬದ ಪಕ್ಕ. ತೊಂಬತ್ತರ ದಶಕದ ಕೊನೆಯ ಒಂದು ನವೆಂಬರ್, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಗಡಿಯಾರ ನೋಡಿದ್ದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಈ ರಾಳದ ವಾಸನೆಯನ್ನು ನಾನು ಮೊದಲು ಮೂಸಿದ್ದು ಇದೇ ಅಂಗಡಿ ಸಾಲಿನಲ್ಲಿ, ಮೂರು ಬಾಗಿಲು ಆಚೆ, ರೇಡಿಯೊ ರಿಪೇರಿ ಮಾಡುತ್ತಿದ್ದ ಅಣ್ಣನ ಹತ್ತಿರ. ಅವರು ಗುಂಡ್ಲುಪೇಟೆ ಕಡೆಯವರು. ನಾನೂ ಅದೇ ಸೀಮೆಯಿಂದ ಮೇಲೆ ಬಂದವನಾದ್ದರಿಂದ ಅವರ ಅಂಗಡಿಯಲ್ಲಿ ನನಗೊಂದು ಖಾಯಂ ಸ್ಟೂಲು ಇತ್ತು. ಆಗ ನನಗೆ ಇಪ್ಪತ್ತಾರು ವರ್ಷ, ಆ ಫ್ಯಾಕ್ಟರಿಯಲ್ಲಿ ಎಲೆಯ ತೂಕ ಬರೆಯುವ ಕೆಲಸ. ಅಣ್ಣನಿಗೆ ನಲವತ್ತು ದಾಟಿತ್ತು. ಮಂಗನ ಟೋಪಿ, ಕಿವಿಯ ಹಿಂದೆ ಸಣ್ಣ ಪೆನ್ಸಿಲ್. ಕರೆಂಟು ಇಲ್ಲದ ದಿನ ಬೆಸುಗೆ ಕಡ್ಡಿಯನ್ನು ಇದ್ದಿಲ ಒಲೆಯಲ್ಲಿ ಕಾಯಿಸುತ್ತಿದ್ದರು. ಯಾರ ಸೆಟ್ಟೇ ಆಗಲಿ, ಅದರಲ್ಲಿ ಒಂದು ಇಡೀ ವಾರ್ತೆ ಕೇಳುವವರೆಗೆ "ಸರಿಯಾಯ್ತು" ಎನ್ನುತ್ತಿರಲಿಲ್ಲ. ಕೊನೆಗೆ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಖು, ಏನು ಕೆಟ್ಟಿತ್ತು, ಏನು ಹಾಕಿದೆ ಎಂದು ಬರೆದು ತಿರುಪು ಬಿಗಿಯುತ್ತಿದ್ದರು.

ಆ ವರ್ಷ ಅಕ್ಟೋಬರಿನ ಮಳೆಯಲ್ಲಿ ಫ್ಯಾಕ್ಟರಿಯ ಕೆಲಸಗಾರರ ಲೈನ್ ಮನೆಗಳ ಹಿಂದಿನ ಇಳಿಜಾರಿನಲ್ಲಿ ಒಂದು ಬಿರುಕು ಕಾಣಿಸಿತು. ಟೀ ಗಿಡಗಳ ನಡುವೆ, ಸಿಲ್ವರ್ ಓಕ್ ಮರಗಳ ಬುಡದಲ್ಲಿ, ಸುಮಾರು ಮೂವತ್ತು ಮಾರು ಉದ್ದ. ಅಗಲ ನನ್ನ ಹೆಬ್ಬೆರಳು ಹೋಗುವಷ್ಟು. ಕೆಳಗೆ ಒಂದೇ ಸಾಲಿನಲ್ಲಿ ಆರು ಮನೆ. ಅಲ್ಲಿನವರಿಗೆ, ಲೈನಿಗೂ ಫ್ಯಾಕ್ಟರಿಗೂ ನಡುವೆ ಹರಿಯುವ ಹಳ್ಳದ ಈಚೆ, ಹೊಸ ಮನೆಗಳು ಏಳುತ್ತಿದ್ದವು, ಪೊಂಗಲ್ ಹೊತ್ತಿಗೆ ಮುಗಿಯಬೇಕು. ಅಲ್ಲಿಯವರೆಗೆ ಎಲ್ಲಿಗೆ ಹೋಗುವುದು? ನಾನು ದಿನಾ ಬೆಳಗ್ಗೆ ಹೋಗಿ ಆ ಬಿರುಕಿನಲ್ಲಿ ಹೆಬ್ಬೆರಳಿಟ್ಟು ನೋಡಿ ಬರುತ್ತಿದ್ದೆ. ಮಣ್ಣು ಒಳಗೆ ಬೆಚ್ಚಗಿರುತ್ತಿತ್ತು. ಅದು ನನ್ನನ್ನು ಬಹಳ ಹೆದರಿಸಿತು… ಯಾಕೆಂದು ಈಗಲೂ ಹೇಳಲಾರೆ.

ಅಣ್ಣನಿಗೆ ಹೇಳಿದೆ. ಅವರು ಬಂದು ನೋಡಿದರು, ತಲೆ ಕೆರೆದುಕೊಂಡರು, ಭಾನುವಾರ ಅಂಗಡಿಗೆ ಬಾ ಎಂದರು.

ಭಾನುವಾರ ಮೇಜಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಒಂದು ಕೆಂಪು ಎಲ್‌ಇಡಿ ಬಲ್ಬು ಇತ್ತು. ಅದಕ್ಕೆ ತಂತಿಯ ಎರಡು ಕಾಲು.

"ಉದ್ದ ಕಾಲು ಪ್ಲಸ್ಸು, ಗಿಡ್ಡ ಕಾಲು ಮೈನಸ್ಸು. ತಿರುಗ್ಸಿ ಹಾಕುದ್ರೆ ಹತ್ತಲ್ಲ, ಮುನಿಸ್ಕೊಂಡ ಹೆಂಡ್ತಿ ಥರ ಸುಮ್ನೆ ಕೂತ್ಕತದೆ" ಎಂದರು ಅಣ್ಣ. ಒಳಗಿನಿಂದ ಅಕ್ಕ, ಅವರ ಹೆಂಡತಿ, "ನಾನ್ ಯಾವತ್ತಪ್ಪ ಸುಮ್ನೆ ಕೂತಿದ್ದೆ?" ಎಂದರು.

ನನ್ನ ಕೈಯಲ್ಲೇ ಮಾಡಿಸಿದರು. ಚೌಕದ ಒಂಬತ್ತು ವೋಲ್ಟಿನ ಬ್ಯಾಟರಿಗೆ ನಾನು ಎರಡು ಕಾಲನ್ನೂ ನೇರ ಮುಟ್ಟಿಸಿಬಿಟ್ಟೆ. ಒಂದು ಕ್ಷಣ ಬಲ್ಬು ಕಣ್ಣು ಕೋರೈಸುವಷ್ಟು ಬೆಳಗಿತು. ಆಮೇಲೆ ಸುಟ್ಟ ವಾಸನೆ. ಅಣ್ಣ ನಕ್ಕು, ಮೈಮೇಲೆ ಬಣ್ಣದ ಪಟ್ಟೆ ಇದ್ದ ಸಣ್ಣ ರೆಸಿಸ್ಟರನ್ನು ನನ್ನ ಅಂಗೈಯಲ್ಲಿಟ್ಟರು. ಕಂದು, ಕಪ್ಪು, ಕಂದು.

"ಇದು ಕರೆಂಟ್‌ನ ಹಿಡ್ದು ಹಿಡ್ದು ಬುಡ್ತದೆ. ಇದಿಲ್ದೆ ಹೋದ್ರೆ ಒಂದ್ಸಲ ಚೆನ್ನಾಗ್ ನಗ್ತದೆ, ಆಮೇಲೆ ನಗೋದೇ ಇಲ್ಲ. ಗೊತ್ತಾಯ್ತಾ ಗುಮಾಸ್ತರೇ?"

ಎರಡನೆಯ ಸಲ ಸರಿಯಾಯಿತು. ಟಾರ್ಚಿನ ಎರಡು ದೊಡ್ಡ ಸೆಲ್ಲು, ಪ್ಲಸ್ಸಿನಿಂದ ರೆಸಿಸ್ಟರು, ರೆಸಿಸ್ಟರಿನಿಂದ ಬಲ್ಬಿನ ಉದ್ದ ಕಾಲು. ಗಿಡ್ಡ ಕಾಲಿನಿಂದ ಒಂದು ತಂತಿ ಹೊರಟು ಬೆಟ್ಟ ಹತ್ತಿ, ಬಿರುಕು ದಾಟಿ, ಸುತ್ತಿಕೊಂಡು ವಾಪಸು ಬಂದು ಸೆಲ್ಲಿನ ಮೈನಸ್ಸು ಸೇರಬೇಕು. ತಂತಿ ಇಡಿಯಾಗಿರುವವರೆಗೆ ದೀಪ ಉರಿಯುತ್ತದೆ. ನೆಲ ಜರುಗಿ ತಂತಿ ಕಡಿದರೆ ದೀಪ ಆರುತ್ತದೆ. ಅಷ್ಟೇ ಉಪಾಯ.

"ತಂತಿ ಕಡಿದಾಗ ದೀಪ ಹತ್ತೋ ಥರ ಮಾಡೋಕಾಗಲ್ವಾ ಅಣ್ಣ? ಅದು ಚೆನ್ನಾಗಿರುತ್ತೆ" ಎಂದೆ.

"ಮಾಡ್ಬೋದು. ಆದ್ರೆ ಆರಿರೋ ದೀಪ ಬದುಕದಾ ಸತ್ತದಾ ಅಂತ ಯಾರ್ ನೋಡ್ತಾರೆ? ಉರಿಯೋ ದೀಪನಾದ್ರೆ ದಿನಾ ನೋಡ್ತಾರೆ. ಅದು ಆರ್‍ತು ಅಂದ್ರೆ ಒಂದೇ ಅರ್ಥ ಇರ್ಬೇಕು ಕಣಪ್ಪ. ಎರಡರ್ಥ ಆಗ್ಬುಟ್ರೆ ಕೆಲ್ಸ ಕೆಟ್ಟಂಗೆ."

ಆ ಒಂದೇ ಅರ್ಥಕ್ಕಾಗಿ ಹತ್ತು ದಿನಕ್ಕೊಮ್ಮೆ, ಹಳೆಯವು ಇನ್ನೂ ಉರಿಯುತ್ತಿದ್ದರೂ ಸರಿ, ಹೊಸ ಸೆಲ್ಲು ಹಾಕಬೇಕು ಎಂದರು. ಹೊಸ ಜೋಡಿಯನ್ನು ಅವರೇ ಕೊಡುತ್ತಿದ್ದರು, ತಾರೀಖು ಬರೆದ ಬಿಳಿ ಕಾಗದದ ಚೂರನ್ನು ಪ್ರತಿ ಸೆಲ್ಲಿಗೂ ಅಂಟಿಸಿ. ಅದನ್ನು ಹಾಕುವುದು, ತೆಗೆದ ಹಳೆಯ ಜೋಡಿಯನ್ನು ಅವರಿಗೆ ವಾಪಸು ಕೊಡುವುದು ನನ್ನ ಕೆಲಸ.

ಬಿರುಕಿನ ಮೇಲೆ ಗೂಟ ನೆಟ್ಟು, ಸುಟ್ಟ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ಕೂದಲೆಳೆಯಂಥ ತಾಮ್ರದ ತಂತಿ ಎಳೆದರು. ದಪ್ಪ ತಂತಿ ಹಿಗ್ಗುತ್ತದೆ, ಇದು ಹಿಗ್ಗುವುದಿಲ್ಲ, ಕಡಿಯುತ್ತದೆ ಎಂದರು. ಅಲ್ಲಿಂದ ಕೆಳಕ್ಕೆ, ಕಾಟಿಗಳು ಓಡಾಡುವ ದಾರಿ ತಪ್ಪಿಸಿ, ಟೀ ಗಿಡಗಳ ಒಳಗಿನಿಂದ ಮಾಮೂಲಿ ತಂತಿ. ಹಳ್ಳದ ಮೇಲೆ ಕಂಬಕ್ಕೆ ಕಟ್ಟಿ ಈಚೆಗೆ. ದೀಪದ ಪೆಟ್ಟಿಗೆಯನ್ನು ಲೀಫ್ ಶೆಡ್ಡಿನ ಕಂಬಕ್ಕೆ ನನ್ನ ಕಣ್ಣಿನ ಎತ್ತರದಲ್ಲಿ ಹೊಡೆದರು. ದೀಪ ಆರಿದರೆ ನಾನು ಪಕ್ಕದಲ್ಲಿ ತೂಗುಬಿಟ್ಟಿದ್ದ ರೈಲುಕಂಬಿಯ ತುಂಡನ್ನು ಬಾರಿಸಬೇಕು, ಲೈನಿನವರು ಮನೆ ಬಿಟ್ಟು ಹಳ್ಳ ದಾಟಬೇಕು. ಕತ್ತಲಾದ ಮೇಲೆ ಕಾವಲುಗಾರ ನೋಡಿಕೊಳ್ಳುತ್ತಿದ್ದ.

ಈಗ ನಾನು ಮಾಡಿದ್ದನ್ನು ಹೇಳಬೇಕು.

ನವೆಂಬರಿನ ಮೊದಲ ಮಳೆಗೆ ಕರೆಂಟು ಹೋಯಿತು. ನಾನು ಫ್ಯಾಕ್ಟರಿಯಿಂದ ದೂರದ ಒಂದು ಹಟ್ಟಿಯ ಕೊನೆಯ ಕೋಣೆಯಲ್ಲಿ ಒಬ್ಬನೇ ಇದ್ದೆ. ಸಂಜೆಯಾದರೆ ತಗಡಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪ್ರತಿ ಸದ್ದೂ ಮಣ್ಣು ಜಾರಿದಂತೆ ಕೇಳುತ್ತಿತ್ತು. ರೇಡಿಯೊದ ಸೆಲ್ಲು ಸತ್ತಿತ್ತು. ಮನುಷ್ಯರ ಒಂದು ಧ್ವನಿ ಬೇಕಿತ್ತು ನನಗೆ. ಅಣ್ಣ ದೀಪಕ್ಕೆಂದು ಕೊಟ್ಟ ಹೊಸ ಜೋಡಿಯನ್ನು ರೇಡಿಯೊಗೆ ಹಾಕಿಕೊಂಡೆ. ರೇಡಿಯೊದ ಹಳೆಯ ಜೋಡಿಯನ್ನು ಫ್ಯಾಕ್ಟರಿಗೆ ತಂದು ಡ್ರೈಯರಿನ ಮೇಲಿಟ್ಟೆ. ಸೌದೆಯ ಬೆಂಕಿಯಲ್ಲಿ ಟೀ ಒಣಗಿಸುವ ಆ ಯಂತ್ರದ ತಗಡಿನ ಮೇಲೆ ಮಳೆಗಾಲದಲ್ಲಿ ಎಲ್ಲರ ಸೆಲ್ಲುಗಳೂ ಸಾಲಾಗಿ ಮಲಗಿರುತ್ತಿದ್ದವು. ಒಂದು ಪಾಳಿ ಕಾಯಿಸಿದರೆ ಸತ್ತ ಸೆಲ್ಲು ಮತ್ತೆರಡು ಮೂರು ದಿನ ಉಸಿರಾಡುತ್ತದೆ. ಎಲ್ಲರೂ ಮಾಡುತ್ತಿದ್ದರು. ಡ್ರೈಯರ್ ನೋಡಿಕೊಳ್ಳುತ್ತಿದ್ದವನು, "ನಿಂದೂ ಇಡು, ಇಲ್ಲೇನ್ ಬಾಡ್ಗೆನಾ?" ಎಂದು ಜಾಗ ಮಾಡಿಕೊಟ್ಟ. ಕಾದ ಜೋಡಿಯನ್ನು ಪೆಟ್ಟಿಗೆಗೆ ಹಾಕಿದೆ. ದೀಪ ಹೊಸದರಷ್ಟೇ ಕೆಂಪಗೆ ಉರಿಯಿತು.

ಶುಕ್ರವಾರ ಬೆಳಗ್ಗೆ ನಾನು ಬರುವಾಗ ದೀಪ ಆರಿತ್ತು. ಕಾವಲುಗಾರ ಆಗಲೇ ಕಂಬಿ ಬಾರಿಸಿದ್ದ. ಆರು ಮನೆಯವರೂ ಮಕ್ಕಳು ಮುದುಕರನ್ನು ಎತ್ತಿಕೊಂಡು ಮಳೆಯಲ್ಲಿ ನಿಂತಿದ್ದರು. ಸೆಲ್ಲು ಸತ್ತಿದೆ ಎಂದು ನನಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಕೋಣೆಗೆ ಓಡಿದೆ, ರೇಡಿಯೊದಿಂದ ಹೊಸ ಜೋಡಿ ತಂದು ಹಾಕಿದೆ, ದೀಪ ಹತ್ತಿತು. ಎರಡು ಗಂಟೆಯ ನಂತರ ಅಣ್ಣ ಮಂಜೂರಿನಿಂದ ಬಂದರು. "ಪೆಟ್ಟಿಗೆ ಅಲ್ಲಾಡಿಸಿದೆ, ಹತ್ಕೊಳ್ತು" ಎಂದೆ.

ಅವರು ಮೇಲೆ ಹೋಗಿ ತಂತಿ ನೋಡಿ ಬಂದರು. ಇಡಿಯಾಗಿತ್ತು. ಹಾಗಾದರೆ ಬೆಸುಗೆ ಸಡಿಲವಾಗಿರಬೇಕು ಎಂದುಕೊಂಡು ಪ್ರತಿ ಜೋಡಣೆಯನ್ನೂ ಬಿಚ್ಚಿ, ಬ್ಲೇಡಿನಿಂದ ಕೆರೆದು, ಮಳೆಯಲ್ಲಿ ಕೊಡೆ ಹಿಡಿಸಿಕೊಂಡು ಮತ್ತೆ ಬೆಸೆದರು. ಕೊಡೆ ಹಿಡಿದಿದ್ದವನು ನಾನು. ಲೈನಿನವರ ಮುಂದೆ ನಿಂತು, "ತಪ್ಪು ನನ್ನದು, ನನ್ನ ಕೈಕೆಲಸ ಸರಿಯಿರಲಿಲ್ಲ" ಎಂದು ತಮಿಳಿನಲ್ಲಿ ಹೇಳಿದರು. ಕೊನೆಯ ಮನೆಯ ಹೆಂಗಸು, ಕಂಕುಳಲ್ಲಿ ಆರು ತಿಂಗಳ ಮಗುವಿದ್ದವಳು, ನಗುತ್ತಾ ಏನೋ ಅಂದಳು. ನಿಮ್ಮ ದೀಪಕ್ಕೇ ನೆಗಡಿಯಾದರೆ ನಮಗೆ ಕಷಾಯ ಯಾರು ಕೊಡುತ್ತಾರೆ ಅಣ್ಣಾ, ಎಂದು ಅದರ ಅರ್ಥ. ಎಲ್ಲರೂ ನಕ್ಕರು. ಅಣ್ಣನೂ ನಕ್ಕರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಭಾನುವಾರ ಸಂಜೆ ಮತ್ತೆ ಮಳೆ ಹಿಡಿಯಿತು. ಮತ್ತೆ ಅದೇ ತಗಡಿನ ಸದ್ದು. ಹಿಂದಿನ ಸಲ ಸೆಲ್ಲನ್ನು ಸರಿಯಾಗಿ ಕಾಯಿಸಿರಲಿಲ್ಲ, ಈ ಸಲ ಎರಡು ಪಾಳಿ ಕಾಯಿಸೋಣ ಎಂದು ನನಗೆ ನಾನೇ ಹೇಳಿಕೊಂಡೆ. ಸೋಮವಾರ ಕಾಯಿಸಿ ಸಂಜೆ ಆ ಜೋಡಿಯನ್ನು ಪೆಟ್ಟಿಗೆಗೆ, ಬಿಳಿ ಕಾಗದದ ಜೋಡಿಯನ್ನು ಮತ್ತೆ ರೇಡಿಯೊಗೆ ಹಾಕಿದೆ.

ಮಂಗಳವಾರ ಮಧ್ಯಾಹ್ನ ಅಣ್ಣ ತಾವಾಗಿ ಬಂದರು. ದಾರಿಯಲ್ಲಿ ಮಣ್ಣು ಬಿದ್ದು ಬಸ್ಸು ಇರಲಿಲ್ಲ, ನಡೆದೇ ಬಂದಿದ್ದರು. ಮೂರು ದಿನದಿಂದ ಮಂಜೂರಿಗೆ ಏನೂ ಬಂದಿಲ್ಲ, ಯಾವ ಅಂಗಡಿಯಲ್ಲೂ ಒಂದು ಸೆಲ್ಲಿಲ್ಲ, ನಿನಗೆ ಮೊದಲೇ ಕೊಟ್ಟಿದ್ದು ಒಳ್ಳೆಯದಾಯಿತು ಎಂದರು. ಶೆಡ್ಡಿನಲ್ಲಿ ನಿಂತು ಟೀ ಕುಡಿದೆವು. ಮಂಜು ಎಷ್ಟಿತ್ತೆಂದರೆ ಲೈನ್ ಮನೆಗಳು ಒಮ್ಮೆ ಕಾಣುತ್ತಿದ್ದವು, ಒಮ್ಮೆ ಇಲ್ಲ. ನಾನು ತೂಕ ಬರೆಯಲು ಬಗ್ಗಿದ್ದೆ. ತಲೆಯೆತ್ತಿದಾಗ ದೀಪ ಆರಿತ್ತು. ಆಗ ಗಡಿಯಾರ ನೋಡಿದೆ. ಮೂರು ನಲವತ್ತು.

ಅಣ್ಣ ಗ್ಲಾಸು ಕೆಳಗಿಟ್ಟರು. ಪೆಟ್ಟಿಗೆ ತೆಗೆದು, ಬೆಟ್ಟದಿಂದ ಬಂದ ಎರಡು ತಂತಿಯ ತುದಿಗಳಿಗೆ ತಿರುಪುಳಿ ಅಡ್ಡ ಇಟ್ಟರು. ಹಾಗೆ ಮಾಡಿದರೆ ಬೆಟ್ಟದ ಮೇಲಿನ ತಂತಿಯ ಲೆಕ್ಕ ಬಿಟ್ಟುಹೋಗುತ್ತದೆ, ಸೆಲ್ಲಿನಲ್ಲಿ ಜೀವವಿದ್ದರೆ ದೀಪ ಹತ್ತಲೇಬೇಕು. ಹತ್ತಲಿಲ್ಲ. ಸೆಲ್ಲು ಹೊರತೆಗೆದು ಅಂಗೈಯಲ್ಲಿ ಉರುಳಿಸಿದರು. ಬಿಳಿ ಕಾಗದದ ಚೂರಿಗಾಗಿ ಹುಡುಕುತ್ತಿದ್ದರು.

"ಅದು ರೇಡಿಯೊದ್ದು ಅಣ್ಣ" ಎಂದೆ.

ಅವರು ನನ್ನ ಮುಖ ನೋಡಿದರು.

"ಹಂಗಾರೆ ಶುಕ್ರವಾರನೂ…"

"ಹೂಂ ಅಣ್ಣ."

ತಮ್ಮ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು. ಬೆರಳು ಮಡಚಿ ಬಿಚ್ಚಿದರು. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಆಮೇಲೆ ಬಹಳ ಮೆಲ್ಲಗೆ ಹೇಳಿದರು. "ಸೆಲ್ ಸತ್ತದೆ ಅಂತ ಗೊತ್ತಾಯ್ತು. ತಂತಿ ಬದುಕದಾ ಅಂತ ಇದ್ರಲ್ಲಿ ಗೊತ್ತಾಗಲ್ಲ. ನಿನ್ ರೂಮ್‌ಗೆ ಹೋಗಿ ಬರೋಕೆ ಎಷ್ಟೊತ್ತು?"

"ಮುಕ್ಕಾಲು ಗಂಟೆ."

"ಮೇಲಕ್ಕೆ ಏಳು ನಿಮಿಷ."

ಡ್ರೈಯರ್ ಮೇಲಿದ್ದವೆಲ್ಲ ನನ್ನ ಸೆಲ್ಲಿನಂಥವೇ. ಲೈನಿನ ಒಂದು ಟಾರ್ಚೂ ಉರಿಯುತ್ತಿರಲಿಲ್ಲ. ನಾನು ಕಂಬಿ ಬಾರಿಸಿದೆ. ಮೂರು ಬಾಗಿಲು ತೆರೆದವು, ಯಾರೂ ಅಂಗಳಕ್ಕೆ ಇಳಿಯಲಿಲ್ಲ. ಅಣ್ಣ ಹಳ್ಳ ದಾಟಿ ಹೋಗಿ ಕೊನೆಯ ಮನೆಯ ಮುಂದೆ ಮಾತಾಡಿದರು. ಆ ಹೆಂಗಸು ಮಗುವಿಗೆ ಜ್ವರ ಎಂದಳು. ಮೊನ್ನೆಯ ಹಾಗೆ ಮತ್ತೆ ಮಳೆಯಲ್ಲಿ ನಿಲ್ಲಿಸಲಾರೆ ಎಂದಳು. "ಪಾತ್ತು ಸೊಲ್ಲುಂಗ ಅಣ್ಣಾ" ಎಂದಳು. ನೋಡಿ ಹೇಳಿ ಅಣ್ಣಾ. ಅದು ನನಗೆ ಹಳ್ಳದ ಈಚೆಗೂ ಕೇಳಿಸಿತು.

ಅಣ್ಣ ನನ್ನ ಕಡೆ ತಿರುಗಿ, "ಕೂಗ್ತೀನಿ, ಬಾರ್ಸು" ಎಂದರು. ಮಂಗನ ಟೋಪಿಯನ್ನು ಕಿವಿಯಿಂದ ಮೇಲೆ ಸರಿಸಿಕೊಂಡು ಟೀ ಗಿಡಗಳ ನಡುವೆ ಹತ್ತತೊಡಗಿದರು.

ನಾನು ಹೋಗ್ತೀನಿ ಅಣ್ಣ ಅಂದೆನೋ ಇಲ್ಲವೋ… ವರ್ಷಗಟ್ಟಲೆ ಯೋಚಿಸಿದ್ದೇನೆ. ಅನ್ನಲಿಲ್ಲ.

ಮಂಜು ಒಮ್ಮೆ ಸರಿಯಿತು. ಸಿಲ್ವರ್ ಓಕ್ ಮರಗಳ ಕೆಳಗೆ ಅವರು ಬಗ್ಗಿದ್ದು ಕಾಣಿಸಿತು. ನೆಟ್ಟಗಾದರು. ಎರಡೂ ಕೈ ಮೇಲೆತ್ತಿದರು.

"ಬಾರ್ಸು" ಎಂದು ಕೂಗಿದರು. ಆಮೇಲೆ ಮತ್ತೆ ಮತ್ತೆ, "ಕಡಿದದೆ, ಬಾರ್ಸು, ಬಾರ್ಸು." ನಂತರ ತಮಿಳಿನಲ್ಲಿ ಲೈನಿನವರಿಗೆ.

ನಾನು ಬಾರಿಸಿದೆ. ಬಾರಿಸುತ್ತಲೇ ಎಣಿಸಿದೆ, ಹಳ್ಳ ದಾಟಿ ಬಂದವರನ್ನು. ಹತ್ತೊಂಬತ್ತು ಜನ ಬರಬೇಕು. ಆ ಹೆಂಗಸು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹದಿನೈದನೆಯವಳಾಗಿ ಬಂದಳು. ಕೊನೆಗೆ ಇಬ್ಬರು ಸೇರಿ ಒಬ್ಬ ಮುದುಕನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಬಂದರು. ಮಗುವನ್ನು ಎಣಿಸಿದೆನೋ ಬಿಟ್ಟೆನೋ ಎಂದು ಗಾಬರಿಯಾಗಿ ಮತ್ತೆ ಮೊದಲಿಂದ ಎಣಿಸಿದೆ. ಸರಿಯಿತ್ತು.

ಅಷ್ಟರಲ್ಲಿ ಅಣ್ಣ ಅರ್ಧ ದಾರಿ ಇಳಿದಿದ್ದರು.

ಮೊದಲು ಸದ್ದಾಗಲಿಲ್ಲ. ಮೇಲಿನ ಮೂರು ಮರಗಳು ನಿಂತ ಹಾಗೆಯೇ, ನೆಟ್ಟಗೆ, ನಮ್ಮ ಕಡೆಗೆ ಬಂದವು. ಟೀ ಗಿಡದ ಸಾಲುಗಳು ಸಾಲಾಗಿಯೇ ಕೆಳಗೆ ಸರಿದವು, ಯಾರೋ ಚಾಪೆ ಎಳೆದಂತೆ. ಆಮೇಲೆ ಸದ್ದು ಬಂತು. ಅಣ್ಣ ಒಮ್ಮೆ ಹಿಂದೆ ತಿರುಗಿ ನೋಡಿದರು. ಅವರ ಟೋಪಿ ಕಂದು ಬಣ್ಣದ್ದು, ಮಣ್ಣೂ ಅದೇ ಬಣ್ಣ. ಯಾವ ಕ್ಷಣದಲ್ಲಿ ಅವರು ಕಾಣದಾದರು ಎಂದು ನಾನು ಹೇಳಲಾರೆ. ಆರು ಮನೆಗಳಲ್ಲಿ ನಾಲ್ಕು ಇರಲಿಲ್ಲ. ನನ್ನ ಕೈ ಇನ್ನೂ ಕಂಬಿ ಬಾರಿಸುತ್ತಿತ್ತಂತೆ. ಡ್ರೈಯರಿನವನು ಓಡಿ ಬಂದು ನಿಲ್ಲಿಸಿದ.

ಮರುದಿನ ಹತ್ತು ಗಂಟೆಗೆ ಸಿಕ್ಕಿದರು.

ತಂತಿ ಮೊದಲು ಕಡಿಯಿತೋ, ಸೆಲ್ಲು ಮೊದಲು ಸತ್ತಿತೋ ತಿಳಿಯುವ ದಾರಿಯಿಲ್ಲ. ಆದರೆ ಒಂದು ತಿಳಿದಿದೆ. ಪೆಟ್ಟಿಗೆಯಲ್ಲಿ ಎರಡೂ ದಿನ ಬಿಳಿ ಕಾಗದದ ಸೆಲ್ಲು ಇದ್ದಿದ್ದರೆ, ಶುಕ್ರವಾರ ಯಾರೂ ಸುಮ್ಮನೆ ನೆನೆಯುತ್ತಿರಲಿಲ್ಲ. ಮಂಗಳವಾರ ಕಂಬಿಯ ಮೊದಲ ಏಟಿಗೇ ಎಲ್ಲರೂ ಹೊರಡುತ್ತಿದ್ದರು. ಯಾರೂ ಮೇಲೆ ಹೋಗಿ ನೋಡಬೇಕಿರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹತ್ತೊಂಬತ್ತು ಜನರನ್ನು ಉಳಿಸಿದ ದೀಪ ಎಂದು ಜನ ಹೇಳಿದಾಗ, ಕಂಬಿ ಬಾರಿಸಿದವನು ಎಂದು ನನ್ನ ಬೆನ್ನು ತಟ್ಟಿದಾಗ ತಲೆ ತಗ್ಗಿಸಿ ನಿಂತೆ. ಅದನ್ನು ವಿನಯ ಎಂದುಕೊಂಡರು.

ಕಳೆದ ಸೋಮವಾರ ಫೋನನ್ನು ಅಂಗಡಿಯಲ್ಲೇ ಬಿಟ್ಟು ಅಕ್ಕನ ಮನೆಗೆ ಹೋದೆ. ಮಂಜೂರಿನಲ್ಲೇ, ತಮ್ಮನ ಮಗಳ ಜೊತೆ ಇದ್ದಾರೆ. ಬೀನ್ಸ್ ಸೋಸುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ, ಇಲ್ಲಿ ಬರೆದ ಕ್ರಮದಲ್ಲೇ, ಹೇಳಿದೆ. ಬೀನ್ಸ್ ಸೋಸುವ ಕೈ ನಿಂತಿತು.

"ಇಷ್ಟ್ ದಿನ ಯಾಕಪ್ಪ ಹೇಳ್ನಿಲ್ಲ?"

"ಹೆದರಿಕೆ ಅಕ್ಕ."

ಕೈಯಲ್ಲಿದ್ದ ಬೀನ್ಸನ್ನು ಮೊರದಲ್ಲಿಟ್ಟರು. ಆಮೇಲೆ, ನನಗೆ ಹೇಳುತ್ತಿರುವಂತೆ ಅಲ್ಲ, ಹೇಳಿದರು. "ಆ ಶುಕ್ರವಾರ ಮನೆಗೆ ಬಂದು ಉಣ್ನಿಲ್ಲ ಅವ್ರು. ನನ್ ಕೈ ನಡುಗೋಕೆ ಸುರು ಆಗ್ಬುಟ್ಟದೆ, ಹಾಕಿದ್ ಬೆಸುಗೆ ನಿಲ್ತಿಲ್ಲ, ಇನ್ನು ಅಂಗಡಿ ಮುಚ್ಬುಡೋದೇಯ ಅಂದ್ರು. ಕೈ ಚಾಚಿ ನಂಗೆ ತೋರ್ಸುದ್ರು. ನೋಡು, ನಡುಗ್ತದಾ ಅಂತ."

ಶೆಡ್ಡಿನಲ್ಲಿ ಅವರು ಬಲಗೈಯನ್ನು ಚಾಚಿ ನೋಡಿಕೊಂಡಿದ್ದು ಕಣ್ಣ ಮುಂದೆ ಬಂತು. ಅದನ್ನೂ ಅಕ್ಕನಿಗೆ ಹೇಳಿದೆ.

"ನಡುಗ್ತಿತ್ತಾ?"

"ಇಲ್ಲ ಅಕ್ಕ. ನಾನು ಪಕ್ಕದಲ್ಲೇ ಇದ್ದೆ. ನಡುಗಲಿಲ್ಲ."

"ಕೈ ಸರಿಯಾಗೇ ಅದೆ ಅಂತ ಮೇಲಕ್ ಹೋಗೋಕೆ ಮುಂಚೆ ಗೊತ್ತಾಯ್ತಲ್ಲ ಅವ್ರಿಗೆ?"

"ಗೊತ್ತಾಯ್ತು."

ಅಕ್ಕ ಮತ್ತೆ ಬೀನ್ಸ್ ತೆಗೆದುಕೊಂಡರು. ನನ್ನನ್ನು ಕ್ಷಮಿಸಿದ್ದೇನೆ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಏಳುವಾಗ, "ಆ ರೇಡಿಯೊ ಅದಾ?" ಎಂದು ಕೇಳಿದರು. ಇದೆ ಎಂದೆ. ಆ ಮಂಗಳವಾರದಿಂದ ಅದರಲ್ಲಿ ಸೆಲ್ಲು ಹಾಕಿಲ್ಲ. "ತಂದ್ಕೊಡು."

ಬುಧವಾರ ತಂದುಕೊಟ್ಟೆ. ತಿರುಪು ಬಿಚ್ಚು ಎಂದರು, ಬಿಚ್ಚಿದೆ. ಮುಚ್ಚಳದ ಒಳಗೆ ಪೆನ್ಸಿಲಿನ ಬರಹ ಹಾಗೇ ಇತ್ತು. ತಾರೀಖು, ಅದರ ಕೆಳಗೆ "ಸ್ಪೀಕರ್ ತಂತಿ ಕಡಿದಿತ್ತು, ಬೆಸೆದಿದೆ." ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬೆರಳಿನಿಂದ ಅಕ್ಷರ ಮುಟ್ಟಲು ಹೋಗಿ, ಅಳಿಸೀತು ಎಂದು ಕೈ ಹಿಂದೆ ತೆಗೆದರು.

ಆ ದಿನ ಹಳ್ಳದ ಈಚೆ ನಿಂತು ಬೆಟ್ಟ ಜಾರಿದ್ದನ್ನು ನೋಡಿದವರಲ್ಲಿ ಈಗ ಎಲ್ಲಿದ್ದಾರೆ ಎಂದು ನನಗೆ ಗೊತ್ತಿರುವವರು ನಾಲ್ವರು. ಕೊನೆಯ ಮನೆಯ ಹೆಂಗಸು, ಹಳ್ಳದ ಈಚಿನ ಹೊಸ ಲೈನಿನಲ್ಲೇ ಇದ್ದಾಳೆ, ಈಗಲೂ ಮಳೆ ಜೋರಾದರೆ ಅಂಗಳಕ್ಕೆ ಬಂದು ನಿಲ್ಲುತ್ತಾಳೆ. ಅವಳ ಕಂಕುಳಲ್ಲಿದ್ದ ಮಗು, ಈಗ ಊಟಿಯಲ್ಲಿ ನರ್ಸು, ಅವಳಿಗೆ ಏನೂ ನೆನಪಿರಲು ಸಾಧ್ಯವಿಲ್ಲ. ಡ್ರೈಯರ್ ನೋಡಿಕೊಳ್ಳುತ್ತಿದ್ದವನು, ಮಗನ ಮನೆಯಲ್ಲಿದ್ದಾನೆ, ಕಿವಿ ಮಂದ. ನಾನು.